ತರ್ದವಾಡಿ ಸಾವಿರದ ದಾರಿಯಲ್ಲಿ

ಇಂಡಿ ಸೀಮೆಯ ನೆಲ ತಿಳಿಯಬೇಕಾದರೆ ಬಾವಿಗೆ ಇಣುಕಬೇಕು. ರಸ್ತೆಯ ಮೇಲಿಂದ ಕಾಣುವುದು ಕಣ್ಣು ಹಾಯುವ ತನಕ ಬಯಲು. ನಿಂಬೆ ತೋಟ, ಕಬ್ಬು, ಹಿಂಗಾರಿ ಜೋಳ, ಅಲ್ಲಲ್ಲಿ ಹುಲ್ಲೂ ಸರಿಯಾಗಿ ಹುಟ್ಟದ ಮಡ್ಡಿ. ನೋಡಲಿಕ್ಕೆ ಏನಿದೆ ಇಲ್ಲಿ ಎಂದು ಬಸ್ಸಿನಲ್ಲಿ ಕಣ್ಣು ಮುಚ್ಚುವವರೇ ಹೆಚ್ಚು. ಆದರೆ ಕಲ್ಲು ಕಟ್ಟದೆ ಹಾಗೇ ಬಿಟ್ಟ ಹಳೆಯ ಬಾವಿಯೊಂದರ ದಂಡೆಗೆ ಕುಳಿತು ಕೆಳಗೆ ನೋಡಿದರೆ, ಈ ಬಯಲು ತನ್ನ ಒಡಲನ್ನೇ ಬಿಚ್ಚಿ ತೋರಿಸುತ್ತದೆ.

ನಿಂಬೆ ತೋಟದ ನಡುವೆ ಅಂಥದೊಂದು ಬಾವಿಯ ಹತ್ತಿರ ಬಹಳ ಹೊತ್ತು ಕುಳಿತಿದ್ದೆ. ಮೇಲೆ ಮೊಳದಷ್ಟು ಎರೆಮಣ್ಣು. ಅದರ ಕೆಳಗೆ ಗರಸು. ಗರಸಿನ ಕೆಳಗೆ ಪದರು ಪದರಾಗಿ ಸಿಪ್ಪೆ ಬಿಡುತ್ತಿದ್ದ ಗುಂಡು ಗುಂಡಾದ ಕಲ್ಲು. ಇನ್ನೂ ಕೆಳಗೆ ಗಟ್ಟಿ ಕರಿಕಲ್ಲು. ಆ ಕರಿಕಲ್ಲಿನ ನಡುವೆ, ಬಾವಿಯ ನಾಲ್ಕೂ ಗೋಡೆಯ ಮೇಲೆ ಒಂದೇ ಮಟ್ಟದಲ್ಲಿ, ಗೇಣಗಲದ ಕೆಂಪು ಪಟ್ಟಿ. ಅದರ ಕೆಳಗೆ ಮತ್ತೆ ಕರಿಕಲ್ಲು. ಆದರೆ ಈ ಸಲ ತೂತು ತೂತಾದದ್ದು, ತೂತುಗಳ ಒಳಗೆ ಬಿಳಿಯ ಹರಳು ತುಂಬಿಕೊಂಡದ್ದು.

"ಆ ಕೆಂಪ ಪಟ್ಟಿ ಮ್ಯಾಲ ನೀರ ಜಿನುಗ್ತಾವ್ರಿ," ಎಂದರು ತೋಟದ ಯಜಮಾನರು. "ನಮ್ಮಪ್ಪ ಬಾವಿ ತೋಡೂಮುಂದ ಅದನ್ನ ಹುಡುಕ್ಕೋತ ಇಳದಿದ್ದ."

ಅವರ ತಂದೆ ಹುಡುಕಿಕೊಂಡು ಇಳಿದ ಆ ಪಟ್ಟಿ ಎರಡು ಲಾವಾ ಹರಿವುಗಳ ನಡುವಿನ ಬಿಡುವಿನ ಕಾಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿದ ಲಾವಾ ದಖ್ಖನ್ನಿನ ಉದ್ದಗಲಕ್ಕೂ ಹರಿಯಿತು. ಒಂದು ಹರಿವು ಆರಿದ ಮೇಲೆ ಮಳೆಗಾಳಿಗೆ ಅದರ ಮೈ ಸವೆದು ಮಣ್ಣಾಯಿತು. ಆ ಮಣ್ಣಿನ ಮೇಲೆ ಮುಂದಿನ ಹರಿವು ಬಂದು ಅದನ್ನು ಸುಟ್ಟು ಕೆಂಪಾಗಿಸಿ ಮುಚ್ಚಿಬಿಟ್ಟಿತು. ಹೀಗೆ ಮತ್ತೆ ಮತ್ತೆ. ಡೈನೋಸಾರುಗಳು ಅಳಿದುಹೋದ ಕಾಲವೂ ಹೆಚ್ಚು ಕಡಿಮೆ ಇದೇ. ಆ ಅಳಿವಿನಲ್ಲಿ ಈ ಲಾವಾದ ಪಾಲೆಷ್ಟು ಎಂಬ ಚರ್ಚೆ ಜಗತ್ತಿನ ವಿಜ್ಞಾನಿಗಳ ನಡುವೆ ಇಂದಿಗೂ ನಡೆದಿದೆ. ಆ ಚರ್ಚೆಗೆ ಬೇಕಾದ ಸಾಕ್ಷಿ ಇಂಡಿಯ ರೈತನ ಬಾವಿಯ ಗೋಡೆಯಲ್ಲಿದೆ.

ಕೇಂದ್ರ ಅಂತರ್ಜಲ ಮಂಡಳಿಯವರು ಗೊತ್ತುಮಾಡಿದ ಬಾವಿಗಳಿಗೆ ವರ್ಷಕ್ಕೆ ನಾಲ್ಕು ಸಲ ಹೋಗಿ ಟೇಪು ಇಳಿಬಿಟ್ಟು ನೀರಿನ ಮಟ್ಟ ಬರೆದುಕೊಳ್ಳುತ್ತಾರೆ. ಮಳೆಗಾಲದ ಮೊದಲು, ಮಳೆಗಾಲದಲ್ಲಿ, ಮಳೆ ಹೋದ ಮೇಲೆ, ಚಳಿಗಾಲದಲ್ಲಿ. ಒಂದು ವರ್ಷದ ಅಂಕಿ ಏನೂ ಹೇಳುವುದಿಲ್ಲ. ಅದೇ ಬಾವಿಗೆ ಮೂವತ್ತು ವರ್ಷ ಹೋದವರ ಪಟ್ಟಿ ಮಾತ್ರ ಒಂದು ಸೀಮೆಯ ಕಥೆ ಹೇಳಬಲ್ಲದು. ನೆಲ, ಕಲ್ಲು, ಗುಡಿ, ಶಾಸನ, ಇವೆಲ್ಲವನ್ನೂ ಕಾಯುವ ಕೆಲಸದ ಜೀವಾಳ ಇಷ್ಟೇ ಎಂದು ನನಗೆ ಅನಿಸಿದ್ದು ಇಲ್ಲೇ: ಹೋದಲ್ಲಿಗೇ ಮತ್ತೆ ಹೋಗುವುದು, ಕಂಡದ್ದನ್ನು ಬರೆದಿಡುವುದು. ಆದರೆ ಕೊಳವೆಬಾವಿ ಬಂದ ಮೇಲೆ ತೆರೆದ ಬಾವಿಗಳು ಒಂದೊಂದೇ ಕಸ ತುಂಬಿ ಮುಚ್ಚಿಹೋಗುತ್ತಿವೆ. ಕೊಳವೆಬಾವಿ ನೀರು ಕೊಡುತ್ತದೆ, ನೋಡಲು ಗೋಡೆ ಕೊಡುವುದಿಲ್ಲ.

ಇಂಡಿಯಿಂದ ಸಾಲೋಟಗಿ ದೂರವೇನಲ್ಲ. ಅಲ್ಲಿಗೆ ಹೋಗುವ ಆಸೆ ಬಹಳ ದಿನಗಳದು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ, 945ರ ಕಂಬ ಶಾಸನದಿಂದ ಈ ಊರು ಭಾರತದ ಶಿಕ್ಷಣದ ಇತಿಹಾಸದಲ್ಲಿ ಹೆಸರು ಪಡೆದಿದೆ. ಆಗ ಅದರ ಹೆಸರು ಪಾವಿಟ್ಟಗೆ. ಕೃಷ್ಣನ ಮಂತ್ರಿ ನಾರಾಯಣ ಎಂಬುವನು ಇಲ್ಲಿ ತ್ರಿಪುರುಷರ ಗುಡಿಯ ಜೊತೆಗೆ ಒಂದು ಶಾಲೆ ಕಟ್ಟಿಸಿದ. ನಾಡುನಾಡುಗಳಿಂದ ಬಂದ ವಿದ್ಯಾರ್ಥಿಗಳು ಉಳಿಯಲು 27 ಮನೆಗಳು. ಅವರ ಊಟಕ್ಕೆ ಭೂಮಿ, ದೀಪದ ಎಣ್ಣೆಗೆ ಬೇರೆ ಭೂಮಿ, ಗುರುವಿನ ಜೀವನಕ್ಕೆ ಮತ್ತೊಂದು ಪಾಲು. ಊರಿನವರು ತಮ್ಮ ಮನೆಯ ಮದುವೆಗೆ ಇಷ್ಟು, ಮುಂಜಿಗೆ ಅದರ ಅರ್ಧ, ಜುಟ್ಟು ಬಿಡಿಸುವ ಶಾಸ್ತ್ರಕ್ಕೆ ಅದರಲ್ಲೂ ಅರ್ಧ ಎಂದು ಶಾಲೆಗೆ ಹಣ ಕೊಡಬೇಕೆಂಬ ಕಟ್ಟಳೆ. ದೀಪದೆಣ್ಣೆಯ ಲೆಕ್ಕವನ್ನೂ ಕಲ್ಲಿನಲ್ಲಿ ಕೊರೆದಿಟ್ಟ ಆ ಕಾಳಜಿ ನನ್ನನ್ನು ಬಹಳ ತಟ್ಟಿತು. ರಾತ್ರಿ ಓದುವ ಹುಡುಗರಿದ್ದರು ಎಂದಲ್ಲವೇ ಅದರ ಅರ್ಥ?

ಮುಂದೆ ಆ ಶಾಲೆಯ ಕಟ್ಟಡ ಬಿದ್ದುಹೋಯಿತು. ಹನ್ನೊಂದನೆಯ ಶತಮಾನದಲ್ಲಿ ಈ ಭಾಗದ ಒಬ್ಬ ಅರಸು ಅದನ್ನು ಮತ್ತೆ ಕಟ್ಟಿಸಿದ ಎಂಬ ಸಂಗತಿಯೂ ಶಾಸನದಲ್ಲೇ ದಾಖಲಾಗಿದೆ. ಜೀರ್ಣೋದ್ಧಾರವೆಂಬುದು ನಮಗೆ ಯಾರೋ ಹೊರಗಿನವರು ಕಲಿಸಿದ ವಿದ್ಯೆಯಲ್ಲ. ಬಿದ್ದುದನ್ನು ಎತ್ತಿ ನಿಲ್ಲಿಸಿ, ಎತ್ತಿದವರು ಯಾರು ಎಂಬುದನ್ನು ಮೊದಲಿನ ಬರಹಕ್ಕೇ ಸೇರಿಸಿ ಬರೆದ ಊರು ಇದು.

ಸಾಲೋಟಗಿಯ ಓಣಿಗಳಲ್ಲಿ ನಡೆಯುವಾಗ ನನ್ನ ಕಣ್ಣು ಕೆಳಗೇ ಇತ್ತು. ಆ 27 ಮನೆಗಳು ಎಲ್ಲಿದ್ದಿರಬಹುದು? ಊರು ಸಾವಿರ ವರ್ಷ ಒಂದರ ಮೇಲೊಂದು ಮನೆ ಕಟ್ಟುತ್ತ ಮೇಲೆದ್ದಿದೆ. ಒಂದು ಹೊಸ ಮನೆಗೆ ಪಾಯ ತೋಡುತ್ತಿದ್ದರು. ತೆಗೆದು ಹಾಕಿದ ಮಣ್ಣಿನಲ್ಲಿ ಬೂದಿಯ ಪದರು, ಬೋಕಿಗಳು, ಒಂದು ಮೂಲೆ ಮುರಿದ ಬೀಸುಗಲ್ಲು. ಮೇಸ್ತ್ರಿ ಬೀಸುಗಲ್ಲನ್ನು ಬದಿಗೆ ತೆಗೆದಿಟ್ಟಿದ್ದರು, ಬೋಕಿಗಳನ್ನು ಮಣ್ಣಿನ ಜೊತೆ ಟ್ರ್ಯಾಕ್ಟರಿಗೆ ಹಾಕಿಸಿದ್ದರು. ಮನೆ ಬೇಡವೆನ್ನಲು ಯಾರಿಗೂ ಹಕ್ಕಿಲ್ಲ. ಆದರೆ ಪಾಯ ತೋಡಿದ ದಿನ ಮೊಬೈಲಿನಲ್ಲಿ ನಾಲ್ಕು ಫೋಟೊ, ಎಷ್ಟು ಅಡಿ ಆಳದಲ್ಲಿ ಏನು ಸಿಕ್ಕಿತು ಎಂಬ ಎರಡು ಸಾಲು, ಇಷ್ಟನ್ನು ಪಂಚಾಯಿತಿಯಲ್ಲಿ ಇಟ್ಟುಕೊಂಡರೂ ಈ ಊರಿನ ಅಡಿಯ ಊರು ನಿಧಾನವಾಗಿ ಕಾಣತೊಡಗೀತು.

ಇಂಡಿಯ ಉತ್ತರಕ್ಕೆ ಭೀಮೆ. ಆಚೆ ದಂಡೆ ಸೊಲ್ಲಾಪುರ ಜಿಲ್ಲೆ. ಈಚೆಯ ದಂಡೆಯ ತದ್ದೇವಾಡಿಯೇ ಹಳೆಯ ತರ್ದವಾಡಿ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಇಂಡಿಯ ಸುತ್ತಲಿನ ಇಂದಿನ ತಾಲ್ಲೂಕುಗಳ ಬಹುಭಾಗಕ್ಕೆ ಒಂದು ಕಾಲದಲ್ಲಿ ಇದ್ದ ಹೆಸರು ತರ್ದವಾಡಿ ಸಾವಿರ. ಬಸವನ ಬಾಗೇವಾಡಿ ತಾಲ್ಲೂಕಿನ ನರಸಲಗಿಯಲ್ಲಿ ಸಿಕ್ಕ 965ರ ಶಾಸನದ ಪ್ರಕಾರ ಆಗ ಈ ನಾಡನ್ನು ಆಳುತ್ತಿದ್ದವನು ರಾಷ್ಟ್ರಕೂಟರ ಸಾಮಂತನಾಗಿದ್ದ ತೈಲಪ. ಎಂಟು ವರ್ಷಗಳಲ್ಲಿ ಅವನೇ ರಾಷ್ಟ್ರಕೂಟರನ್ನು ಕೆಡವಿ ಕಲ್ಯಾಣ ಚಾಲುಕ್ಯ ರಾಜ್ಯ ಕಟ್ಟಿದ. ಎರಡು ಶತಮಾನ ಕನ್ನಡ ನಾಡನ್ನಾಳಿದ ಮನೆತನದ ಮೊದಲ ಬೇರು ಈ ಕರಿಮಣ್ಣಿನಲ್ಲಿತ್ತು ಎಂಬುದಕ್ಕೆ ಆಧಾರ ಒಂದು ಹಳ್ಳಿಯ ಒಂದು ಕಲ್ಲು. ಆ ಕಲ್ಲನ್ನು ಯಾರಾದರೂ ಒಡೆದು ಕಟ್ಟೆಗೆ ಹಾಕಿಬಿಟ್ಟಿದ್ದರೆ?

ಭೀಮೆಯ ದಂಡೆ ನೋಡಿ ಮನಸ್ಸು ಭಾರವಾಯಿತು. 2020ರ ಅಕ್ಟೋಬರಿನ ಮಹಾಪೂರದಲ್ಲಿ ಇಂಡಿ, ಸಿಂದಗಿ ಸೀಮೆಯ ಎಷ್ಟೋ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಹೊಳೆ ಕೊರೆದ ಕಡಿದಾದ ದಂಡೆಯಲ್ಲಿ ಮೇಲೆ ಎರೆಮಣ್ಣು, ಕೆಳಗೆ ಹಳೆಯ ಮರಳು, ಅದರ ಕೆಳಗೆ ಉರುಟು ಗೊರಚು ಕಲ್ಲಿನ ಪದರು ಈಗಲೂ ಸ್ಪಷ್ಟ. ಈ ಗೊರಚಿನ ಪದರುಗಳಲ್ಲೇ ಆದಿಮಾನವನ ಕಲ್ಲಿನ ಹತಾರಗಳನ್ನು ಶೋಧಕರು ಹುಡುಕುವುದು. ಹೊಳೆ ತಾನಾಗಿ ಕೊರೆದರೆ ಅದು ಹೊಳೆಯ ಸ್ವಭಾವ. ಮರಳು ಎತ್ತುವ ಯಂತ್ರ ಕೊರೆದರೆ ಪದರುಗಳು ಕಲಸಿ ಹೋಗುತ್ತವೆ, ಹತಾರ ಸಿಕ್ಕರೂ ಅದು ಯಾವ ಕಾಲದ್ದೆಂದು ಹೇಳುವ ದಾರಿ ಮುಚ್ಚುತ್ತದೆ.

ಸಿಂದಗಿ ತಾಲ್ಲೂಕಿಗೆ ಬಂದಾಗ ಡಾ. ಎಂ.ಎಂ. ಕಲಬುರ್ಗಿಯವರ ನೆನಪಾಗದೆ ಇರದು. 1938ರಲ್ಲಿ ಇದೇ ತಾಲ್ಲೂಕಿನ ಗುಬ್ಬೇವಾಡದಲ್ಲಿ ಹುಟ್ಟಿದವರು. ವಿದ್ವತ್ತಿನ ದೊಡ್ಡ ಗ್ರಂಥಗಳ ಜೊತೆಗೆ ಅವರು ಮಾಡಿದ ಇನ್ನೊಂದು ಕೆಲಸಕ್ಕೆ ನಾನು ಹೆಚ್ಚು ತಲೆಬಾಗುತ್ತೇನೆ: ಧಾರವಾಡ, ವಿಜಾಪುರ ಜಿಲ್ಲೆಗಳ ಶಾಸನ ಸೂಚಿ. ಯಾವ ಊರಿನಲ್ಲಿ, ಯಾವ ಗುಡಿಯ ಹತ್ತಿರ, ಯಾವ ಅರಸನ, ಯಾವ ವರ್ಷದ ಕಲ್ಲು ಎಂಬ ಪಟ್ಟಿ. ಓದಲು ಅದರಲ್ಲಿ ರಸವೇನೂ ಇಲ್ಲ. ಆದರೆ ಕಲ್ಲು ಕಾಣೆಯಾಯಿತೆಂದು ಗೊತ್ತಾಗಬೇಕಾದರೆ, ಕಲ್ಲು ಇತ್ತು ಎಂದು ಮೊದಲು ಯಾರಾದರೂ ಬರೆದಿರಬೇಕು. ಅವರಿಗೂ ಮುಂಚೆ ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಈ ಭಾಗದ ಶಾಸನಗಳನ್ನು ಓದಿ ಅಚ್ಚು ಮಾಡಿಸಿದ್ದರು. ಮುಂಬಯಿ ಕರ್ನಾಟಕದ ಶಾಸನಗಳ ಸಂಪುಟಗಳು 1940ರಿಂದ ಹೊರಬರತೊಡಗಿದವು. ಈ ಹಳೆಯ ಪಟ್ಟಿಗಳನ್ನು ಕೈಯಲ್ಲಿ ಹಿಡಿದು ಊರೂರಿಗೆ ಹೋಗಿ, ಇದೆ, ಇಲ್ಲ, ಮುರಿದಿದೆ, ಬೇರೆಡೆಗೆ ಹೋಗಿದೆ ಎಂದು ಗುರುತು ಹಾಕಿಕೊಂಡು ಬರುವ ಕೆಲಸವೇ ಇವತ್ತಿನ ತುರ್ತು.

ಸಿಂದಗಿಯ ಕಡೆಯ ಒಂದು ಊರಿನಲ್ಲಿ ಪಡಿಯಚ್ಚು ತೆಗೆಯುವುದನ್ನು ಹತ್ತಿರದಿಂದ ಕಂಡೆ. ಹನುಮಪ್ಪನ ಗುಡಿಯ ಬದಿಗೆ ಒರಗಿಸಿಟ್ಟ ಕಲ್ಲು. ಮೇಲೆ ಲಿಂಗ, ಆಕಳು ಕರು, ಸೂರ್ಯ ಚಂದ್ರ, ಕೆಳಗೆ ಹತ್ತು ಹದಿನೈದು ಸಾಲು. ಬಂದಿದ್ದ ಸಂಶೋಧಕ ತರುಣ ಮೊದಲು ಕಲ್ಲಿಗೆ ಕೈಮುಗಿದು, ತೆಂಗಿನ ನಾರಿನ ಬ್ರಷ್ಷಿನಿಂದ ನೀರು ಹಾಕಿ ತೊಳೆದ. ತಂತಿಯ ಬ್ರಷ್ ಮುಟ್ಟಲಿಲ್ಲ. ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಇನ್ನೊಂದು ಬ್ರಷ್ಷಿನಿಂದ ಹದವಾಗಿ ಬಡಿಯುತ್ತ ಹೋದಂತೆ ಕಾಗದ ಅಕ್ಷರಗಳ ಒಳಗಿಳಿಯಿತು. ಆಮೇಲೆ ಬಟ್ಟೆಯ ಗುಬ್ಬಿಯಿಂದ ಮಸಿ ತಟ್ಟಿದ. ಕಲ್ಲಿನಲ್ಲಿ ಕಣ್ಣು ಕಿರಿದು ಮಾಡಿದರೂ ಕಾಣದಿದ್ದ ಸಾಲು ಕಪ್ಪು ಕಾಗದದ ಮೇಲೆ ಬೆಳ್ಳಗೆ ಎದ್ದು ಬಂದಾಗ ಸುತ್ತ ನಿಂತ ಹುಡುಗರು ಕೇಕೆ ಹಾಕಿದರು. ಮೊದಲ ನಾಲ್ಕು ಸಾಲು ಮಾತ್ರ ಬರಲಿಲ್ಲ. ಅಲ್ಲಿ ಎಣ್ಣೆಬಣ್ಣ ದಪ್ಪಗೆ ಕೂತಿತ್ತು.

ಕಲ್ಲಿಗೆ ದಿನಾ ನೀರು ಹಾಕುವ ಅಜ್ಜಿ ಒಬ್ಬರು ಬಂದು ನಿಂತರು.

"ಅವ್ವಾರ, ಇದಕ್ಕ ಬಣ್ಣ ಯಾರ ಹಚ್ಯಾರ್ರಿ?" ಎಂದೆ.

"ಜಾತ್ರಿಗೆ ಹುಡುಗ್ರು ಹಚ್ಯಾರಪ್ಪ. ದೇವ್ರು ಚಂದ ಕಾಣ್ಲಿ ಅಂತ. ಹಚ್ಚಬಾರ್ದಿತ್ತೇನು?"

"ಅಕ್ಷರ ಮುಚ್ಚತಾವ್ರಿ. ನೀವು ಹಾಕೂ ನೀರು, ಹೂವು ಸಾಕ್ರಿ."

ಅಜ್ಜಿ ಕಾಗದದ ಕಡೆ ನೋಡಿದರು. "ಏನ್ ಬರ್ದಾರ ಅದ್ರಾಗ?"

ಗುಡಿಯ ನಂದಾದೀವಿಗೆಗೆ ಒಬ್ಬರು ಭೂಮಿ ಬಿಟ್ಟ ವಿಷಯ, ಅದನ್ನು ಕೆಡಿಸಿದವರಿಗೆ ಪಾಪ ತಟ್ಟುತ್ತದೆ ಎಂಬ ಮಾತು ಎಂದು ತರುಣ ಓದಿ ಹೇಳಿದ. ಅಜ್ಜಿಯ ಮುಖ ಅರಳಿತು. "ಹಂಗಾರ ಮುಂದಿನ ಜಾತ್ರಿಗೆ ನಾ ನಿಂತು ನೋಡ್ಕೋತೀನಿ ತಗೋ," ಎಂದರು. ನಾನು ಕಂಡ ಕಾವಲುಗಾರರಲ್ಲಿ ಅವರಷ್ಟು ನಂಬಿಕೆ ಹುಟ್ಟಿಸಿದವರು ಮತ್ತೊಬ್ಬರಿಲ್ಲ.

ಕಾನೂನು ಇಲ್ಲವೆಂದಲ್ಲ. ಕೇಂದ್ರದ 1958ರ ಕಾಯ್ದೆ ಇದೆ. 2010ರ ತಿದ್ದುಪಡಿಯ ಮೇಲೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ಕಟ್ಟಡ ನಿಷೇಧ, ಅದರಾಚೆ 200 ಮೀಟರು ಅನುಮತಿ ಬೇಕು. ರಾಜ್ಯದ್ದೂ 1961ರ ಕಾಯ್ದೆ ಇದೆ. ಆದರೆ ಪಟ್ಟಿಯಲ್ಲಿ ಹೆಸರಿದ್ದರೆ ತಾನೇ ಕಾಯ್ದೆ? ಹನುಮಪ್ಪನ ಗುಡಿಯ ಬದಿಯ ಕಲ್ಲು, ಊರ ಹೊರಗಿನ ವೀರಗಲ್ಲು, ಮಾಸ್ತಿಗಲ್ಲು, ಹಾಳುಬಿದ್ದ ಹುಡೇವು, ಮೆಟ್ಟಿಲ ಬಾವಿ, ಇವು ಬಹುಪಾಲು ಯಾವ ಪಟ್ಟಿಯಲ್ಲೂ ಇಲ್ಲದವು.

ಬಸವನ ಬಾಗೇವಾಡಿಯ ಬಸವೇಶ್ವರ ಗುಡಿಯ ಬಗ್ಗೆ ಬರೆದವರು ಅನೇಕರಿದ್ದಾರೆ, ನಾನು ಹೆಚ್ಚು ಹೇಳುವುದಿಲ್ಲ. ಚಾಲುಕ್ಯರ ಕಾಲದ ಕಂಬಗಳ ನಡುವೆ ಇಂದಿನ ಜನದ ಭಕ್ತಿ ತುಂಬಿ ತುಳುಕುವ ಜಾಗ ಅದು. ಬಸವಣ್ಣನವರ ವಿಚಾರದಲ್ಲಿ ಕಲ್ಲು ಮಾಡಿದ ಉಪಕಾರ ಒಂದನ್ನು ಮಾತ್ರ ನೆನೆಯುತ್ತೇನೆ. ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ಸಿಕ್ಕ 1260ರ ಶಾಸನ ತರ್ದವಾಡಿ ನಾಡಿನ ಬಾಗೇವಾಡಿಯನ್ನೂ ಮಾದಿರಾಜನನ್ನೂ ಅವನ ಮಗ ಸಂಗನ ಬಸವನನ್ನೂ ಹೆಸರಿಸುತ್ತದೆ. ಬಸವಣ್ಣನವರು ತೀರಿ ನೂರು ವರ್ಷದೊಳಗಿನ ಬರಹ. ಪುರಾಣದ ಮಾತಿಗೆ ಕಲ್ಲಿನ ಸಾಕ್ಷಿ ಕೂಡಿದ್ದು ಹೀಗೆ. ಬಸವಣ್ಣನವರ ತಾಯಿಯ ತವರೆಂದು ಹೇಳುವ ಇಂಗಳೇಶ್ವರದ ಗುಡ್ಡವನ್ನೂ ಹತ್ತಿದೆ. ಅಲ್ಲಿಂದ ನೋಡಿದರೆ ಸೀಮೆಯ ಮಟ್ಟಸತನ ಲಾವಾ ಪದರುಗಳ ಮಟ್ಟಸತನವೇ ಎಂಬುದು ಕಣ್ಣಿಗೆ ಕಟ್ಟುತ್ತದೆ. ಗುಡ್ಡದ ನೆತ್ತಿಗಳೆಲ್ಲ ಚಪ್ಪಟೆ, ಎಲ್ಲ ಒಂದೇ ಎತ್ತರ.

ಈ ಮಟ್ಟಸ ನೆಲ ಕೆಲವು ವರ್ಷಗಳಿಂದ ಆಗಾಗ ಅಲುಗುತ್ತಿದೆ. 2021ರಿಂದೀಚೆಗೆ ವಿಜಯಪುರ ಜಿಲ್ಲೆಯಲ್ಲಿ ಸಣ್ಣ ಕಂಪನಗಳು ಪದೇ ಪದೇ ದಾಖಲಾಗಿವೆ. ಬಸವನ ಬಾಗೇವಾಡಿ ತಾಲ್ಲೂಕಿನ ಹಳ್ಳಿಗಳೂ ಅದರಲ್ಲಿವೆ. ನೆಲದೊಳಗಿಂದ ಗುಡುಗಿದ ಸದ್ದು, ಮಾಡದಲ್ಲಿಟ್ಟ ಭಾಂಡೆ ಅಲುಗಿದ್ದು, ರಾತ್ರಿಯಿಡೀ ಜನ ಅಂಗಳದಲ್ಲಿ ಮಲಗಿದ್ದು, ಇವನ್ನು ಹೇಳದ ಮನೆಯಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಕಂಪನ ಮಾಪಕಗಳು ಇವನ್ನು ಬರೆದುಕೊಳ್ಳುತ್ತಿವೆ. ಹೆಚ್ಚು ಮಳೆಯಾದಾಗ ನೀರು ಬಂಡೆಯ ಬಿರುಕುಗಳಿಗೆ ಇಳಿದು ಒತ್ತಡ ಬದಲಾಗುವುದೂ ಒಂದು ಕಾರಣವಿರಬಹುದೆಂದು ತಜ್ಞರು ಹೇಳಿದ್ದಾರೆ. ಜನರ ಭಯಕ್ಕೆ ಕಾರಣವಿದೆ. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಸುತ್ತ ಸಾವಿರಾರು ಜನರನ್ನು ಕಲ್ಲು ಮಣ್ಣಿನ ಗೋಡೆಗಳೇ ಹೂತುಹಾಕಿದವು. ಅದೂ ಇದೇ ಕರಿಕಲ್ಲಿನ ಸೀಮೆ.

ಹಳೆಯ ಕಟ್ಟಡದ ಬಿರುಕು ಬೆಳೆಯುತ್ತಿದೆಯೋ ನಿಂತಿದೆಯೋ ಎಂದು ತಿಳಿಯಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ಬಿರುಕಿನ ಎರಡೂ ಬದಿಗೆ ತಾಗುವಂತೆ ತೆಳ್ಳನೆಯ ಗಾಜಿನ ಪಟ್ಟಿಯೊಂದನ್ನು ಗಚ್ಚಿನಿಂದ ಅಂಟಿಸಿ, ಮೇಲೆ ತಾರೀಖು ಬರೆಯುತ್ತಾರೆ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಸೀಳುತ್ತದೆ. ಪೂಜಾರಿ ದಿನಾ ಗಂಟೆ ಹೊಡೆಯುವಾಗ ಒಮ್ಮೆ ಅತ್ತ ಕಣ್ಣಾಡಿಸಿದರೆ ಸಾಕು. ಹಳ್ಳಿಯ ಗುಡಿಗಳ ಜೀರ್ಣೋದ್ಧಾರವೆಂದು ಹೊಳಪಿನ ಟೈಲ್ಸು ಹಾಕಿಸುವ ದುಡ್ಡಿನ ಸಣ್ಣ ಪಾಲಿನಲ್ಲಿ ಇದನ್ನು ಎಲ್ಲ ಕಡೆ ಮಾಡಬಹುದು. ಟೈಲ್ಸಿನ ವಿಷಯದಲ್ಲಿ ನನಗೆ ಸಿಟ್ಟಿದೆ. ಸಿಮೆಂಟಿನ ಮೇಲೆ ಟೈಲ್ಸು ಕೂತರೆ ಗೋಡೆಯ ತೇವ ಹೊರಗೆ ಬರಲು ದಾರಿ ಸಿಗದೆ ಒಳಗೇ ನಿಂತು ಕಲ್ಲಿನ ಮೈಯನ್ನು ಪುಡಿಗಟ್ಟುತ್ತದೆ. ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ. ಕಟ್ಟಿದವರಿಗೆ ಗೊತ್ತಿದ್ದ ಈ ಮಾತು ಕಟ್ಟಿಸುವವರಿಗೆ ಮರೆತುಹೋಗಿದೆ.

ಕೊಲ್ಹಾರದಲ್ಲಿ ಮಡಕೆಯ ಮೊಸರು ತಿನ್ನುತ್ತ ಹಿನ್ನೀರಿನ ಕಡೆ ನೋಡಿದೆ. ಮೊದಲು ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದ ಈ ಊರು ಈಗ ತಾನೇ ತಾಲ್ಲೂಕು ಕೇಂದ್ರ. ಹಳೆಯ ಕೊಲ್ಹಾರವನ್ನು ಆಲಮಟ್ಟಿಯ ಹಿನ್ನೀರು ನುಂಗಿತು. ಆಲಮಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು; ಅಣೆಕಟ್ಟು ಮುಗಿಯಲು ನಾಲ್ಕು ದಶಕ ಹಿಡಿಯಿತು. ಈಗ ನೀರು ನಿಲ್ಲಿಸುವ ಮಟ್ಟ 519.6 ಮೀಟರು. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಒಪ್ಪಿದೆ. ನೀರು ಈ ಬರದ ಸೀಮೆಗೆ ಬೇಕೇ ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರು ಏರುವ ಮೊದಲು ಆ ನಾಲ್ಕೂವರೆ ಮೀಟರಿಗೂ ಮಿಕ್ಕ ಅಂಚಿನಲ್ಲಿ ಏನೇನಿದೆ ಎಂದು ಊರೂರಿಗೆ ಹೋಗಿ ನೋಡಿ, ಅಳೆದು, ಚಿತ್ರ ತೆಗೆದು ಇಡಬೇಕು. ಪರಿಹಾರಕ್ಕಾಗಿ ಮನೆ, ಮರ, ಬಾವಿ ಎಲ್ಲವನ್ನೂ ಎಣಿಸುತ್ತಾರಲ್ಲ, ಆ ಎಣಿಕೆಯ ಹಾಳೆಗೆ ಹಳೆಯ ಕಲ್ಲುಗಳಿಗೂ ಒಂದು ಅಂಕಣ ಸೇರಿಸಿದರೆ ಎಷ್ಟು ದೊಡ್ಡ ಕೆಲಸವಾದೀತು!

"ಬ್ಯಾಸಗ್ಯಾಗ ನೀರ ಇಳದ್ರ ನಮ್ಮ ಹಳೀ ಮನಿ ಪಾಯಾ ಕಾಣ್ತದ್ರಿ," ಎಂದರು ಮೊಸರು ಮಾರುವ ತಾಯಿ. "ಹೋಗಿ ನಿಂತು ಬರ್ತೀವಿ."

ಇಲ್ಲಿಂದ ಮುದ್ದೇಬಿಹಾಳದ ದಾರಿ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಗಾದೆ ಈ ಕಣಿವೆಯದು. ಡೋಣಿ ಮಹಾರಾಷ್ಟ್ರದ ಜತ್ತದ ಕಡೆ ಹುಟ್ಟಿ, ಈ ಜಿಲ್ಲೆಯ ಉದ್ದಕ್ಕೂ ಹರಿದು, ತಾಳಿಕೋಟಿ ದಾಟಿ ಕೃಷ್ಣೆಗೆ ಸೇರುತ್ತದೆ. ನೀರು ಸವಳು, ದಂಡೆಯ ಮಣ್ಣು ಬಂಗಾರ. ಜನವರಿಯ ಆ ದಿನಗಳಲ್ಲಿ ಜೋಳ ತೆನೆ ತುಂಬಿ ನಿಂತಿತ್ತು, ಸೀತನಿ ಸುಡುವ ವಾಸನೆ ಹೊಲಗಳಿಂದ ಬರುತ್ತಿತ್ತು. ಹೊಲದ ಒಡ್ಡುಗಳನ್ನು ನೋಡಿ. ಬರದ ಮೇಲೆ ಬರ ಬಂದು ಮಣ್ಣು ಕೊಚ್ಚಿಹೋಗುತ್ತಿದ್ದ ಕಾಲದಲ್ಲಿ, 1930ರ ದಶಕದಲ್ಲಿ, ವಿಜಾಪುರದಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರ ಶುರುವಾಯಿತು. 1942ರಲ್ಲಿ ಮುಂಬಯಿ ಪ್ರಾಂತದಲ್ಲಿ ಭೂಸುಧಾರಣೆಯ ಕಾಯ್ದೆ ಬಂದು ಸಮಪಾತಳಿ ಒಡ್ಡುಗಳನ್ನು ಹಾಕಿಸುವ ಕೆಲಸ ಎದ್ದಿತು. ರೈತರು ಹಿಂಗಾರಿಗೆ ಮುಂಚೆ ಹೊಲವನ್ನು ಚೌಕಮಡಿ ಮಾಡಿ ಬಿದ್ದ ಹನಿಯನ್ನು ಬಿದ್ದಲ್ಲೇ ಹಿಡಿಯುತ್ತಾರೆ. ಗುಡಿ ಕಟ್ಟಿದವರ ಕೈಕೆಲಸವನ್ನು ಸ್ಮಾರಕ ಎನ್ನುವ ನಾವು, ಮಣ್ಣು ಕಾದವರ ಕೈಕೆಲಸವನ್ನೂ ಹಾಗೆಯೇ ಕಾಣಬೇಕು. ಜೆಸಿಬಿಯ ಒಂದು ಮಧ್ಯಾಹ್ನದಲ್ಲಿ ಹಳೆಯ ಒಡ್ಡುಗಳು ಕಿತ್ತುಹೋಗುವುದನ್ನು ನೋಡಿದ್ದೇನೆ. ಮುಂದಿನ ಮಳೆಗೆ ಅಲ್ಲಿ ಕೊರಕಲು ಬಿದ್ದಿತ್ತು.

ತಾಳಿಕೋಟಿಯ ಹತ್ತಿರ ನೆಲದ ಬಣ್ಣ ಬದಲಾಗುತ್ತದೆ. ಇಡೀ ದಾರಿಯಲ್ಲಿ ಕಂಡ ಕರಿಕಲ್ಲು ಇಲ್ಲಿಗೆ ತೆಳುವಾಗಿ, ಮುಗಿದು, ಅದರ ಅಡಿಯಿಂದ ಸುಣ್ಣಕಲ್ಲು ಹೊರಬರುತ್ತದೆ. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾಸಮೂಹ ಎನ್ನುತ್ತಾರೆ. ಐವತ್ತು ಕೋಟಿ ವರ್ಷಕ್ಕೂ ಹಿಂದೆ, ಜೀವಿಗಳಿಗೆ ಚಿಪ್ಪು ಎಲುಬು ಬರುವ ಮೊದಲು, ಇಲ್ಲಿದ್ದ ತಗ್ಗು ಸಮುದ್ರದ ತಳದಲ್ಲಿ ಕೂತ ಕೆಸರು ಅದು. ಇನ್ನೂ ದಕ್ಷಿಣಕ್ಕೆ, ಮುದ್ದೇಬಿಹಾಳ ದಾಟಿ ಕೃಷ್ಣೆಯ ಕಡೆ ಹೋದರೆ, ಅದಕ್ಕೂ ಬಹಳ ಹಳೆಯ, 250 ಕೋಟಿ ವರ್ಷದ ಹಿಂದಿನ ನೈಸ್ ಮತ್ತು ಗ್ರಾನೈಟು ಬಂಡೆಗಳು ಮೇಲೇಳುತ್ತವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನೆಲ್ಲ ಸುತ್ತಿ 1876ರಲ್ಲಿ ತಮ್ಮ ವರದಿ ಪ್ರಕಟಿಸಿದರು. ದಕ್ಷಿಣ ಭಾರತದಲ್ಲಿ ಆದಿಮಾನವನ ಕಲ್ಲಿನ ಹತಾರವನ್ನು 1863ರಲ್ಲಿ ಮೊದಲು ಗುರುತಿಸಿದವರೂ ಅವರೇ. ಬಂಡೆ ನೋಡುವ ಕಣ್ಣು ಹತಾರವನ್ನೂ ನೋಡಿತು.

ಕಲ್ಲಿನ ಖಣಿಯೊಂದಕ್ಕೆ ಇಳಿದೆ. ಕೆಲಸಗಾರರು ಉಳಿಯನ್ನು ಪದರಿನ ಸಂದಿಗೆ ಇಟ್ಟು, ಸುತ್ತಿಗೆಯಿಂದ ಒಂದು ಕಡೆಯಿಂದ ತಟ್ಟುತ್ತ ಹೋಗಿ, ಸಣ್ಣ ಟಕ್ ಎಂಬ ಸದ್ದಿಗೆ ಕಿವಿಗೊಟ್ಟು ನಿಂತು, ಕಬ್ಬಿಣದ ಹಾರೆ ತೂರಿಸಿ ಎತ್ತುತ್ತಿದ್ದರು. ಕೋಣೆಯಗಲದ ಪರಸಿ ರೊಟ್ಟಿಯ ಹಾಗೆ ಎದ್ದು ಬರುತ್ತಿತ್ತು. ನೀಲಿ ಬೂದು ಬಣ್ಣ, ಕೆಲವು ಕಡೆ ನಸುಗೆಂಪು, ಮೈಮೇಲೆ ಅಂಕುಡೊಂಕು ಕಪ್ಪು ಗೆರೆ. ಮೇಲಿನ ಪದರುಗಳ ಭಾರಕ್ಕೆ ಸುಣ್ಣ ಕರಗಿ ಉಳಿದ ಜೇಡಿಯ ಗೆರೆಯದು. ಈ ಪರಸಿಯ ಮೇಲೆ ಕುಳಿತು ಉಂಡು, ಮಲಗಿ ಬೆಳೆದವರು ನಾವು, ಉತ್ತರ ಕರ್ನಾಟಕದವರು. ಪಕ್ಕದ ಸುರಪುರ ಸೀಮೆಯ ಇಸಾಂಪುರದಲ್ಲಿ ಇದೇ ಸುಣ್ಣಕಲ್ಲಿನ ಚಪ್ಪಡಿ ಎಬ್ಬಿಸಿ ಆದಿಮಾನವ ಹತಾರ ಮಾಡಿಕೊಂಡಿದ್ದ. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1997ರಿಂದ ಅಲ್ಲಿ ಉತ್ಖನನ ಮಾಡಿದರು. ಕಾಲಗಣನೆ ಸುಮಾರು 12 ಲಕ್ಷ ವರ್ಷದ ಹಿಂದಕ್ಕೆ ಹೋಯಿತು. ತಾಳಿಕೋಟಿಯ ಖಣಿಯ ಕೆಲಸಗಾರರಿಗೆ ಇದನ್ನು ಹೇಳಿದೆ. "ಅಂದ್ರ ನಮ್ಮ ಕಸಬು ಅಷ್ಟ ಹಳೇದೇನ್ರಿ?" ಎಂದು ಒಬ್ಬರು ಸುತ್ತಿಗೆ ಕೆಳಗಿಟ್ಟು ಕೇಳಿದರು. ಹೌದು ಎಂದೆ.

ಕರ್ನಾಟಕದಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಘೋಷಿಸಿದ ಜಾಗಗಳಲ್ಲಿ ಮಲ್ಪೆಯ ಸೇಂಟ್ ಮೇರಿ ದ್ವೀಪವಿದೆ, ಲಾಲ್‌ಬಾಗಿನ ಬಂಡೆಯಿದೆ, ಮರಡಿಹಳ್ಳಿಯ ದಿಂಬುಲಾವಾ ಇದೆ. ವಿಜಯಪುರ ಜಿಲ್ಲೆಯ ಒಂದೂ ಇಲ್ಲ. ಭೂಪರಂಪರೆಯ ತಾಣಗಳನ್ನು ಕಾಯುವ ಮಸೂದೆಯ ಕರಡನ್ನು ಕೇಂದ್ರ ಗಣಿ ಸಚಿವಾಲಯ 2022ರಲ್ಲಿ ಹೊರತಂದಿತ್ತು. ನನ್ನ ಕೇಳಿದರೆ ತಾಳಿಕೋಟಿಯ ಸುತ್ತ, ಸುಣ್ಣಕಲ್ಲಿನ ಮೇಲೆ ಕರಿಕಲ್ಲು ಕೂತ ಒಂದೇ ಒಂದು ಖಣಿಯ ಗೋಡೆಯನ್ನು ಗುರುತಿಸಿ ಬಿಡಬೇಕು. ಎರಡು ಪದರುಗಳ ನಡುವಿನ ಆ ಗೆರೆಯಲ್ಲಿ ನಲವತ್ತು ಕೋಟಿಗೂ ಹೆಚ್ಚು ವರ್ಷಗಳ ದಾಖಲೆಯೇ ಇಲ್ಲ. ಶಾಲೆಯ ಮಕ್ಕಳು ಆ ಗೆರೆಯ ಮೇಲೆ ಬೆರಳಿಟ್ಟು ನೋಡಬಹುದು.

ತಾಳಿಕೋಟಿಯ ಹೆಸರು ಜಗತ್ತಿಗೆ ಗೊತ್ತಿರುವುದು ಯುದ್ಧದಿಂದ. 1564ರ ಕೊನೆಗೆ ವಿಜಯನಗರದ ವಿರುದ್ಧ ಸುಲ್ತಾನರ ಸೈನ್ಯಗಳು ಇಲ್ಲಿ ಕೂಡಿದವು. 1565ರ ಜನವರಿ 23ರಂದು ಕೃಷ್ಣೆಯ ಸುತ್ತಿನ ಬಯಲಿನಲ್ಲಿ ಕಾಳಗವಾಯಿತು. ರಕ್ಕಸಗಿ-ತಂಗಡಗಿ ಎನ್ನುವವರಿದ್ದಾರೆ, ಬನ್ನಿಹಟ್ಟಿ ಎನ್ನುವವರಿದ್ದಾರೆ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕರ್ನಾಟಕದ ಚರಿತ್ರೆಯನ್ನು ತಿರುಗಿಸಿದ ಯುದ್ಧದ ಜಾಗವನ್ನು ನಾವು ಪುಸ್ತಕಗಳಲ್ಲಿ ಮಾತ್ರ ಹುಡುಕಿದ್ದೇವೆ, ನೆಲದ ಮೇಲೆ ಸಾಲುಹಿಡಿದು ಹುಡುಕಿಲ್ಲ. ಬೇರೆ ದೇಶಗಳಲ್ಲಿ ಇಂಥ ರಣಭೂಮಿಗಳನ್ನು ಲೋಹಶೋಧಕ ಹಿಡಿದು ಗಜಗಜಕ್ಕೂ ನೋಡಿ, ಸಿಕ್ಕ ಒಂದೊಂದು ಗುಂಡನ್ನೂ ನಕ್ಷೆಯ ಮೇಲೆ ಇಟ್ಟು, ಸೈನ್ಯ ಎಲ್ಲಿ ನಿಂತಿತ್ತು ಎಂದು ಗೊತ್ತು ಮಾಡಿದ್ದಾರೆ. ಇಲ್ಲಿಯೂ ಹಾಗೆ ಮಾಡಲು ಹೊಲಗಳು ಇನ್ನೂ ಹೊಲಗಳಾಗಿಯೇ ಉಳಿದಿವೆ. ಸೈನ್ಯಗಳು ಬಂದದ್ದೂ ಹಿಂಗಾರಿ ಜೋಳ ತೆನೆಗಟ್ಟುವ ಕಾಲಕ್ಕೇ. ಆ ವರ್ಷದ ಬೆಳೆ ಯಾರ ಮನೆ ಸೇರಿತೋ.

ತಂಗಡಗಿಯಲ್ಲಿ ಬಸವಣ್ಣನವರ ಮಡದಿ ನೀಲಮ್ಮನವರ ಐಕ್ಯಸ್ಥಳಕ್ಕೆ ಹೋಗಿ, ಅಲ್ಲಿಂದ ಕೂಡಲಸಂಗಮದ ದಿಕ್ಕಿಗೆ ಬಹಳ ಹೊತ್ತು ನೋಡಿದೆ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಬಂದಾಗ ಸಂಗಮದ ಐಕ್ಯಮಂಟಪವನ್ನು ಎಬ್ಬಿಸಿ ಬೇರೆಡೆ ಇಡಲಿಲ್ಲ. ಸುತ್ತ ಬಾವಿಯಂಥ ಗೋಡೆ ಕಟ್ಟಿ, ಹಳೆಯ ನೆಲವನ್ನು ಅದರ ಮಟ್ಟದಲ್ಲೇ ಉಳಿಸಿಕೊಂಡರು. ಭಕ್ತರು ಮೆಟ್ಟಿಲಿಳಿದು ಹೋಗಿ ದರ್ಶನ ಮಾಡುತ್ತಾರೆ. ಮನಸ್ಸು ಮಾಡಿದರೆ ನೀರನ್ನೂ ನೆಲವನ್ನೂ ಒಟ್ಟಿಗೆ ಉಳಿಸಿಕೊಳ್ಳಬಹುದು ಎಂಬುದಕ್ಕೆ ಅದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಮರಳುವ ಮುಂಚೆ ತಾಳಿಕೋಟಿ ಭಾಗದ ಒಂದು ಪ್ರೌಢಶಾಲೆಗೆ ಹೋಗಿದ್ದೆ. ಅಲ್ಲಿನ ಸಮಾಜ ವಿಜ್ಞಾನದ ಮಾಸ್ತರರು ಒಂದು ದಪ್ಪ ರಿಜಿಸ್ಟರು ಇಟ್ಟಿದ್ದಾರೆ. ಊರಿನ ಎರಡು ಶಾಸನ, ವೀರಗಲ್ಲುಗಳು, ಒಂದು ಮೆಟ್ಟಿಲ ಬಾವಿ, ಬಿಟ್ಟ ಖಣಿಯ ಒಂದು ಗೋಡೆ, ಹಳ್ಳದ ದಂಡೆ. ಕಾರಹುಣ್ಣಿಮೆಗೊಮ್ಮೆ, ದೀಪಾವಳಿಗೊಮ್ಮೆ, ಎಳ್ಳಮಾವಾಸ್ಯೆಗೊಮ್ಮೆ ಹುಡುಗ ಹುಡುಗಿಯರು ಹೋಗಿ ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆಯುತ್ತಾರೆ, ಬಾವಿಯ ನೀರಿಗೆ ಹಗ್ಗ ಬಿಟ್ಟು ಅಳೆಯುತ್ತಾರೆ, ದಂಡೆ ಎಷ್ಟು ಕುಸಿಯಿತೆಂದು ಗೂಟದಿಂದ ಗೂಟಕ್ಕೆ ಟೇಪು ಹಿಡಿಯುತ್ತಾರೆ. ಪುಟ ತಿರುವಿದೆ. ಒಂದು ವೀರಗಲ್ಲಿನ ಎದುರಿಗೆ, ದುಂಡಗಿನ ಅಕ್ಷರದಲ್ಲಿ, ಬಣ್ಣ ಹಚ್ಚಿದ್ದಾರೆ, ಹಚ್ಚಿದವರಿಗೆ ತಿಳಿಸಿ ಹೇಳಿದ್ದೇವೆ ಎಂದು ಬರೆದಿತ್ತು. ಕೆಳಗೆ ನಾಲ್ವರ ಸಹಿ.

"ಈ ಮಕ್ಕಳು ಹತ್ತನೇತ್ತೆ ಮುಗಿಸಿ ಹೋದ ಮ್ಯಾಲ ಹೆಂಗ್ರಿ ಸರ್?" ಎಂದು ಕೇಳಿದೆ.

"ಒಂಬತ್ತನೇತ್ತೆಯವರಿಗೆ ಜಾಗಾ ತೋರಿಸಿ, ರಿಜಿಸ್ಟರು ಕೊಟ್ಟ ಹೋಗಬೇಕು ಅಂತ ನಿಯಮಾ ಮಾಡೇವ್ರಿ," ಎಂದರು ಮಾಸ್ತರರು. "ಬರೂ ಸೋಮವಾರ ಕೊಡೂದೈತಿ. ನೀವೂ ಇದ್ದ ಹೋಗ್ರಲ್ಲ."